‘ಪೇಪರ್ ಮೂನ್’ ಮತ್ತೆ ನೋಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

1973ರಲ್ಲಿ ತೆರೆಕಂಡ ‘ಪೇಪರ್ ಮೂನ್’ ಚಿತ್ರವನ್ನು ಗೆಳೆಯರ ಜೊತೆ ಕುಳಿತು ನೋಡಿದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಎದುರಾಗಿವೆ. ಕೆಲವಕ್ಕೆ ಒಂದೆರಡು ಮಾತು ಸಾಕು, ಕೆಲವಕ್ಕೆ ಸಾವಕಾಶವಾಗಿ ಉತ್ತರಿಸಬೇಕಾಗುತ್ತದೆ. ಉತ್ತರಗಳಲ್ಲಿ ಕೊನೆಯ ದೃಶ್ಯದ ವಿವರವೂ ಬರುವುದರಿಂದ ಚಿತ್ರವನ್ನು ಒಮ್ಮೆಯೂ ನೋಡದವರು ನೋಡಿ ಬಂದು ಮುಂದೆ ಓದುವುದು ಒಳ್ಳೆಯದು.

ಚಿತ್ರದ ಕಥೆ ಸ್ಥೂಲವಾಗಿ ಏನು?

ಅಮೆರಿಕದ ಕಾನ್ಸಾಸ್ ರಾಜ್ಯ, 1930ರ ದಶಕದ ನಡುವಿನ ವರ್ಷಗಳು. ಕಾರು ಅಪಘಾತದಲ್ಲಿ ತೀರಿಕೊಂಡ ಹೆಣ್ಣುಮಗಳೊಬ್ಬಳ ಶವಸಂಸ್ಕಾರಕ್ಕೆ ಮೋಸಸ್ ಪ್ರೇ ಎಂಬ ಊರೂರು ಅಲೆಯುವ ವಂಚಕ ಬರುತ್ತಾನೆ. ಬರುವ ದಾರಿಯಲ್ಲಿ ಇನ್ನೊಂದು ಸಮಾಧಿಯ ಮೇಲಿದ್ದ ಹೂಗಳನ್ನು ಎತ್ತಿಕೊಂಡು ಬಂದು ಈಕೆಯ ಸಮಾಧಿಗೆ ಇಡುತ್ತಾನೆ. ಅವನು ಎಂಥವನೆಂದು ಹೇಳಲು ನಿರ್ದೇಶಕರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಸತ್ತವಳ ಒಂಬತ್ತು ವರ್ಷದ ಮಗಳು ಆ್ಯಡಿಯನ್ನು ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಿನಲ್ಲಿರುವ ಅವಳ ಸಂಬಂಧಿಯ ಮನೆಗೆ ತಲುಪಿಸುವ ಹೊಣೆ ಅವನ ಹೆಗಲಿಗೆ ಬೀಳುತ್ತದೆ. ದಾರಿಯುದ್ದಕ್ಕೂ ಅವರಿಬ್ಬರೂ ಕೂಡಿ ಜನರನ್ನು ಯಾಮಾರಿಸುತ್ತ ಸಾಗುವುದೇ ಚಿತ್ರ.

ನಿರ್ದೇಶನ ಪೀಟರ್ ಬಾಗ್ದಾನೊವಿಚ್ ಅವರದು, ಚಿತ್ರಕಥೆ ಆಲ್ವಿನ್ ಸಾರ್ಜೆಂಟ್ ಅವರದು. ಮೋಸಸ್ ಪಾತ್ರದಲ್ಲಿ ರಯಾನ್ ಓನೀಲ್, ಆ್ಯಡಿಯಾಗಿ ಅವರ ಸ್ವಂತ ಮಗಳು ಟೇಟಮ್ ಓನೀಲ್ ನಟಿಸಿದ್ದಾರೆ. ಕನ್ನಡ ಬೈಬಲಿನಲ್ಲಿ ‘ಮೋಶೆ’ ಎಂದಿರುವ ಪ್ರವಾದಿಯ ಹೆಸರೇ ಈ ಮೋಸಸ್. ಆದರೆ ಅದು ಕನ್ನಡದ ಕಿವಿಗೆ ‘ಮೋಸ’ ಎಂದು ಕೇಳಿಸುವುದು ಕಾಕತಾಳೀಯವಾದರೂ, ಬೈಬಲ್ ಮಾರಿ ಹೊಟ್ಟೆ ಹೊರೆಯುವ ಈ ಮನುಷ್ಯನಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಒಮ್ಮೆ ನೋಡಿದ ಮೇಲೆ ಮತ್ತೆ ನೋಡುವಂಥದ್ದೇನಿದೆ?

ಮೊದಲ ಸಲ ನೋಡುವಾಗ ನಮ್ಮ ಕಣ್ಣು ಮೋಸಸ್‌ನ ಮೇಲಿರುತ್ತದೆ. ಅವನ ನಗು, ತಲೆಗೂದಲನ್ನು ನೀವಿಕೊಳ್ಳುವ ರೀತಿ, ಸುಳ್ಳನ್ನು ಸಾಂತ್ವನದ ದನಿಯಲ್ಲಿ ಹೇಳುವ ಜಾಣತನ ಇವುಗಳಲ್ಲೇ ನಾವು ಮುಳುಗಿರುತ್ತೇವೆ. ಎರಡನೆಯ ಸಲ ನೋಡಿದಾಗ ಲೆಕ್ಕ ಇಡುತ್ತಿರುವವಳು ಆ್ಯಡಿ ಎಂಬುದು ಕಾಣುತ್ತದೆ. ಚಿತ್ರದ ಬೆನ್ನೆಲುಬಾಗಿರುವುದು 200 ಡಾಲರುಗಳ ಒಂದು ಬಾಕಿ.

ಆ್ಯಡಿಯ ತಾಯಿಯ ಸಾವಿಗೆ ಕಾರಣನಾದವನ ಅಣ್ಣತಮ್ಮನ ಬಳಿ ಹೋಗಿ, ಅನಾಥ ಮಗುವಿನ ಹೆಸರು ಹೇಳಿ ಮೋಸಸ್ 200 ಡಾಲರ್ ವಸೂಲಿ ಮಾಡುತ್ತಾನೆ. ಅದರಲ್ಲಿ ತನ್ನ ಕಾರಿಗೆ ಖರ್ಚು ಮಾಡಿಕೊಂಡು, ಹುಡುಗಿಗೆ ರೈಲು ಟಿಕೇಟು ಕೊಡಿಸಿ ಕೈತೊಳೆದುಕೊಳ್ಳಲು ನೋಡುತ್ತಾನೆ. ಆದರೆ ಅವಳು ಆ ಮಾತುಕತೆಯನ್ನು ಕೇಳಿಸಿಕೊಂಡಿರುತ್ತಾಳೆ. ರೈಲಿಗೆ ಕಾಯುತ್ತ ಊಟದ ಅಂಗಡಿಯಲ್ಲಿ ಕುಳಿತಾಗ, ಎದುರಿನ ತಿಂಡಿಯನ್ನು ಮುಟ್ಟದೆ, ನನ್ನ 200 ಡಾಲರ್ ನನಗೆ ಬೇಕು ಎಂದು ಹಿಡಿದ ಪಟ್ಟು ಬಿಡದೆ ಕೇಳುತ್ತಾಳೆ. ಅವನು ದನಿ ತಗ್ಗಿಸಿದಷ್ಟೂ ಅವಳ ದನಿ ಏರುತ್ತದೆ. ಅಕ್ಕಪಕ್ಕದವರು ತಿರುಗಿ ನೋಡತೊಡಗಿದಾಗ, ಊರೂರನ್ನು ಮಾತಿನಲ್ಲೇ ಮಣಿಸಿದವನು ಒಂದು ಮಗುವಿನ ಮುಂದೆ ಬಾಯಿ ಕಟ್ಟಿ ಕೂರುತ್ತಾನೆ. ಆ ಹಣ ದುಡಿದು ತೀರಿಸುವವರೆಗೆ ಅವಳು ಅವನ ಜೊತೆಗಿರಬೇಕು ಎಂಬ ಒಪ್ಪಂದ ಅಲ್ಲಿಂದ ಹುಟ್ಟುತ್ತದೆ.

ಇಬ್ಬರ ನಡುವಿನ ಮಮತೆಯನ್ನು ಚಿತ್ರ ಎಲ್ಲಿಯೂ ಮಮತೆಯ ಮಾತುಗಳಲ್ಲಿ ಹೇಳುವುದಿಲ್ಲ. ಹೇಳಬೇಕಾದುದೆಲ್ಲ ಬಾಕಿ, ಪಾಲು, ಖರ್ಚು ಎಂಬ ಲೆಕ್ಕದ ಭಾಷೆಯಲ್ಲೇ ಬರುತ್ತದೆ. ಸಾಲ ತೀರಿದರೆ ಸಂಬಂಧವೂ ತೀರುತ್ತದೆ ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ ಆ ಬಾಕಿ ಉಳಿಯಲಿ ಎಂದು ಇಬ್ಬರೂ ಬಯಸುತ್ತಾರೆ. ನನ್ನ ಮಟ್ಟಿಗೆ ಈ ಚಿತ್ರದ ದೊಡ್ಡತನ ಇದೇ.

ಆ ಕಾಲದಲ್ಲಿ 200 ಡಾಲರ್ ಎಂದರೆ ನಿಜಕ್ಕೂ ದೊಡ್ಡ ಮೊತ್ತವೇ?

ಹೌದು. 1929ರ ಷೇರುಪೇಟೆಯ ಕುಸಿತದ ನಂತರ ಬಂದ ಮಹಾ ಆರ್ಥಿಕ ಕುಸಿತದಲ್ಲಿ, 1933ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಆರಂಭಿಸಿದ ಅರಣ್ಯ ಮತ್ತು ಭೂಸಂರಕ್ಷಣೆಯ ಶಿಬಿರಗಳಲ್ಲಿ ತಿಂಗಳ ಸಂಬಳ 30 ಡಾಲರ್ ಇತ್ತು, ಅದರಲ್ಲಿ ಹೆಚ್ಚಿನ ಪಾಲನ್ನು ಮನೆಗೆ ಕಳುಹಿಸಬೇಕಿತ್ತು. ಆ ಲೆಕ್ಕದಲ್ಲಿ 200 ಡಾಲರ್ ಎಂದರೆ ಒಬ್ಬ ಯುವಕನ ಆರು ತಿಂಗಳಿಗೂ ಮೀರಿದ ದುಡಿಮೆ. ಆ್ಯಡಿಗೆ ರೂಸ್‌ವೆಲ್ಟ್ ಮೇಲೆ ಬಹಳ ಅಭಿಮಾನ. ಅವರನ್ನು ಮನೆಯ ಹಿರಿಯರಂತೆ ಹೆಸರು ಹಿಡಿದು ಮಾತನಾಡುತ್ತಾಳೆ.

ಬೈಬಲ್ ಮಾರುವ ಮೋಸ ಹೇಗೆ ನಡೆಯುತ್ತದೆ?

ಮೋಸಸ್ ಊರಿನ ಪತ್ರಿಕೆಯಲ್ಲಿ ನಿಧನವಾರ್ತೆಗಳನ್ನು ಓದಿ, ಗಂಡನನ್ನು ಕಳೆದುಕೊಂಡವರ ಹೆಸರನ್ನು ಗುರುತು ಹಾಕಿಕೊಳ್ಳುತ್ತಾನೆ. ಆ ಹೆಣ್ಣುಮಗಳ ಹೆಸರನ್ನು ಬೈಬಲಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಅಚ್ಚೊತ್ತಿಕೊಂಡು ಮನೆಯ ಬಾಗಿಲಿಗೆ ಹೋಗಿ, ಯಜಮಾನರು ಇದ್ದಾರೆಯೇ ಎಂದು ಕೇಳುತ್ತಾನೆ. ಅವರು ತೀರಿಕೊಂಡ ಸುದ್ದಿ ಕೇಳಿ ಆಘಾತಗೊಂಡವನಂತೆ ನಿಂತು, ನಿಮಗೆ ಕೊಡಬೇಕೆಂದು ಅವರೇ ಮುಂಗಡ ಕೊಟ್ಟು ಹೇಳಿ ಮಾಡಿಸಿದ್ದರು, ಉಳಿದ ಹಣ ಮಾತ್ರ ಬಾಕಿಯಿದೆ, ಈಗ ಬೇಡವಾದರೆ ಮುಂಗಡ ವಾಪಸು ಕೊಡುತ್ತೇನೆ ಎನ್ನುತ್ತಾನೆ. ಗಂಡ ಕೊನೆಯದಾಗಿ ತನ್ನನ್ನು ನೆನೆದು ಮಾಡಿಸಿದ ಉಡುಗೊರೆಯನ್ನು ಯಾರು ಬೇಡವೆನ್ನುತ್ತಾರೆ?

ಈ ಮೋಸದಲ್ಲಿ ನಿಜವಾಗಿ ಮಾರಾಟವಾಗುವುದು ಪುಸ್ತಕದೊಳಗೆ ಅಡಗಿಸಿಟ್ಟ ಸಮಾಧಾನ. ಕಷ್ಟದ ಕಾಲದಲ್ಲಿ ವಿಧವೆಯರನ್ನು ಸುಲಿಯುವುದು ಹೇಯವೆಂಬುದರಲ್ಲಿ ಎರಡು ಮಾತಿಲ್ಲ, ಚಿತ್ರವೂ ಅದನ್ನು ಮರೆಮಾಚುವುದಿಲ್ಲ. ಹಾಗೆಂದೇ ಆ್ಯಡಿ ನಡುವೆ ಬಂದಾಗ ನಡೆಯುವ ಬದಲಾವಣೆ ಮುಖ್ಯವಾಗುತ್ತದೆ. ಸಿರಿವಂತಿಕೆ ಎದ್ದು ಕಾಣುವ ಮನೆಯಲ್ಲಿ ಅವಳು ಬೆಲೆಯನ್ನು ಅಲ್ಲೇ ಏರಿಸುತ್ತಾಳೆ. ಮಕ್ಕಳ ದಂಡೇ ಬಾಗಿಲಲ್ಲಿ ನಿಂತಿರುವ ಬಡ ಮನೆಯಲ್ಲಿ, ಹಣ ಮೊದಲೇ ಪೂರ್ತಿ ಸಂದಿದೆ ಎಂದು ಹೇಳಿ ಪುಸ್ತಕವನ್ನು ಹಾಗೆಯೇ ಕೊಟ್ಟುಬಿಡುತ್ತಾಳೆ. ಮೋಸಸ್ ಇದಕ್ಕಾಗಿ ಅವಳ ಮೇಲೆ ರೇಗುತ್ತಾನೆ. ಬೈಬಲ್ ಪಡೆದ ಆ ತಾಯಿಯ ಮುಖ ಮಾತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುತ್ತದೆ.

ಅಂಗಡಿಯಲ್ಲಿ ನೋಟು ಬದಲಾಯಿಸುವ ದೃಶ್ಯ ಅರ್ಥವಾಗಲಿಲ್ಲ. ಹಣ ಎಲ್ಲಿ ಹೋಯಿತು?

ಬಹುಪಾಲು ಜನರಿಗೆ ಮೊದಲ ಸಲ ಅರ್ಥವಾಗುವುದಿಲ್ಲ, ಗಲ್ಲಾದಲ್ಲಿ ಕುಳಿತವರಿಗೂ ಅರ್ಥವಾಗಬಾರದು ಎಂಬುದೇ ಅದರ ಉದ್ದೇಶ. ಚಿಲ್ಲರೆಯ ಈ ಹಳೆಯ ಮೋಸವನ್ನು ನಿಧಾನವಾಗಿ ಬಿಡಿಸಿ ನೋಡೋಣ. ಗಿರಾಕಿ ಒಂದು ಡಾಲರಿನ ಐದು ನೋಟುಗಳನ್ನು ಕೊಟ್ಟು, ಇವಕ್ಕೆ ಐದರ ಒಂದು ನೋಟು ಕೊಡಿ ಎನ್ನುತ್ತಾನೆ. ಅಂಗಡಿಯವಳು ಐದರ ನೋಟನ್ನು ಕೊಡುತ್ತಾಳೆ. ಅವಳು ಆ ಐದು ನೋಟುಗಳನ್ನು ಗಲ್ಲಾ ಪೆಟ್ಟಿಗೆಗೆ ಹಾಕುವ ಮೊದಲೇ ಅವನು ಏನೋ ನೆನಪಾದವನಂತೆ, ನಿಮ್ಮ ಕೈಯಲ್ಲಿ ಐದಿದೆ, ಈ ಐದನ್ನೂ ಸೇರಿಸಿಕೊಂಡು ಹತ್ತರ ಒಂದು ನೋಟನ್ನೇ ಕೊಟ್ಟುಬಿಡಿ ಎನ್ನುತ್ತಾನೆ. ಐದು ಮತ್ತು ಐದು ಹತ್ತು ಎಂಬ ಲೆಕ್ಕದಲ್ಲಿ ತಪ್ಪಿಲ್ಲದ್ದರಿಂದ ಅವಳು ಹತ್ತನ್ನು ಕೊಡುತ್ತಾಳೆ. ಆದರೆ ಎರಡನೆಯ ಸಲ ಅವನು ಕೊಟ್ಟ ಐದರ ನೋಟು ಅವಳದೇ. ಅವನ ಜೇಬಿನಿಂದ ಹೋದದ್ದು ಐದು, ಬಂದದ್ದು ಹತ್ತು. ಇಷ್ಟೂ ನಡೆಯುವಾಗ ಅವನು ಮಗುವಿನ ವಿಷಯ, ಊರಿನ ವಿಷಯ ಮಾತಾಡುತ್ತಲೇ ಇರುತ್ತಾನೆ. ಒಂದು ಕಾಗದದ ಮೇಲೆ ಬರೆದುಕೊಂಡು, ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿದರೆ ರಯಾನ್ ಓನೀಲ್ ಅವರ ಕೈಚಳಕದ ಅಂದ ತಿಳಿಯುತ್ತದೆ.

20 ಡಾಲರ್ ನೋಟಿನ ಇನ್ನೊಂದು ಮೋಸದಲ್ಲಿ ಆ್ಯಡಿಯದೇ ಮುಖ್ಯ ಪಾತ್ರ. ಹುಟ್ಟುಹಬ್ಬದ ಹಾರೈಕೆ ಬರೆದ 20ರ ನೋಟೊಂದು ಮೊದಲು ಇನ್ನೊಬ್ಬರ ಕೈಯಿಂದ ಗಲ್ಲಾ ಸೇರಿರುತ್ತದೆ. ಅನಂತರ ಹುಡುಗಿ ಸಣ್ಣ ನೋಟು ಕೊಟ್ಟು ಸಾಮಾನು ಕೊಂಡು, ನಾನು ಕೊಟ್ಟದ್ದು 20, ಅದರ ಮೇಲೆ ಹಾರೈಕೆ ಬರೆದಿತ್ತು ಎಂದು ಅಳತೊಡಗುತ್ತಾಳೆ. ಗಲ್ಲಾ ತೆರೆದರೆ ನೋಟು ಸಿಕ್ಕೇ ಸಿಗುತ್ತದೆ. ಅಳುವ ಮಗುವನ್ನು ಸುಳ್ಳುಗಾರ್ತಿ ಎನ್ನಲು ಯಾರಿಗೂ ಬಾಯಿ ಬಾರದು.

1973ರ ಚಿತ್ರ ಕಪ್ಪುಬಿಳುಪಿನಲ್ಲಿ ಏಕಿದೆ?

ಬಣ್ಣದ ಕಾಲದಲ್ಲಿ ತಿಳಿದೇ ತೆಗೆದುಕೊಂಡ ನಿರ್ಧಾರವಿದು. ಬಾಗ್ದಾನೊವಿಚ್ 1971ರಲ್ಲಿ ನಿರ್ದೇಶಿಸಿದ ‘ದಿ ಲಾಸ್ಟ್ ಪಿಕ್ಚರ್ ಶೋ’ ಕೂಡ ಕಪ್ಪುಬಿಳುಪಿನದೇ. ‘ಪೇಪರ್ ಮೂನ್’ ಚಿತ್ರದ ಛಾಯಾಗ್ರಾಹಕ ಲಾಸ್ಲೊ ಕೊವಾಚ್, ಹಿರಿಯ ನಿರ್ದೇಶಕ ಆರ್ಸನ್ ವೆಲ್ಸ್ ಅವರ ಸಲಹೆಯಂತೆ ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಬಳಸಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುವುದರಿಂದ ನೀಲಿ ಆಕಾಶ ಕಪ್ಪಿಗೆ ತಿರುಗುತ್ತದೆ ಮತ್ತು ಬಿಳಿಯ ಮೋಡಗಳು ಕೆತ್ತಿದಂತೆ ಎದ್ದು ನಿಲ್ಲುತ್ತವೆ. ಅಂಥ ಫಿಲ್ಟರಿಗೆ ಬೆಳಕು ಹೆಚ್ಚು ಬೇಕು. ಮೇಲಾಗಿ, ಹತ್ತಿರದ ಮುಖದಿಂದ ದೂರದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕೆಂಬುದು ನಿರ್ದೇಶಕರ ಹಟವಾಗಿತ್ತು.

ಇದರ ಫಲವನ್ನು ಕಾರಿನ ದೃಶ್ಯಗಳಲ್ಲಿ ನೋಡಿ. ಮುಂದಿನ ಸೀಟಿನಲ್ಲಿ ಇಬ್ಬರೂ ಜಗಳವಾಡುತ್ತಿರುತ್ತಾರೆ, ಕ್ಯಾಮೆರಾ ಕತ್ತರಿಸದೆ ಅವರನ್ನೇ ನೋಡುತ್ತಿರುತ್ತದೆ, ಹಿಂದೆ ಖಾಲಿ ರಸ್ತೆ ಉರುಳುತ್ತ ಹೋಗುತ್ತದೆ. ಆ ಬಯಲಿನಲ್ಲಿ ಅವರಿಗೆ ಅವರಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಸಂಗೀತದ ವಿಷಯವೂ ಹೀಗೆಯೇ. ಚಿತ್ರಕ್ಕೆಂದು ಹಿನ್ನೆಲೆ ಸಂಗೀತ ಸಂಯೋಜಿಸಿಲ್ಲ. ಆ ಕಾಲದ ಗ್ರಾಮಫೋನ್ ತಟ್ಟೆಗಳ ಹಾಡುಗಳು ಮತ್ತು ಆ್ಯಡಿ ಕಿವಿಗೊಟ್ಟು ಕೇಳುವ ರೇಡಿಯೋದ ಹಾಸ್ಯ ಕಾರ್ಯಕ್ರಮಗಳೇ ಇಲ್ಲಿನ ದನಿ.

ಕಥೆ ಕಾನ್ಸಾಸ್‌ನಲ್ಲೇ ಏಕೆ ನಡೆಯುತ್ತದೆ? ಅಲ್ಲಿ ವಿಸ್ಕಿ ಮಾರುವುದು ಏಕೆ ಅಪರಾಧ?

ಮೂಲ ಕಾದಂಬರಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆಯುತ್ತದೆ. ಚಿತ್ರತಂಡ ಅದನ್ನು ಕಾನ್ಸಾಸ್ ಮತ್ತು ಮಿಸೌರಿಗೆ ತಂದು, ಹೇಸ್, ವಿಲ್ಸನ್, ಮೆಕ್ರಾಕೆನ್ ಮುಂತಾದ ಊರುಗಳಲ್ಲಿ ಮತ್ತು ಸೇಂಟ್ ಜೋಸೆಫ್‌ನಲ್ಲಿ ಚಿತ್ರೀಕರಿಸಿತು. ಕಲಾ ವಿನ್ಯಾಸ ಪಾಲಿ ಪ್ಲಾಟ್ ಅವರದು. ಅವರು ಬಾಗ್ದಾನೊವಿಚ್ ಅವರ ಮೊದಲ ಪತ್ನಿ. ದಾಂಪತ್ಯ ಮುರಿದ ಮೇಲೂ ಈ ಚಿತ್ರಕ್ಕೆ ಕೆಲಸ ಮಾಡಿದರು, ಟೇಟಮ್ ಹೆಸರನ್ನು ಸೂಚಿಸಿದವರೂ ಅವರೇ. ಬರ ಮತ್ತು ಧೂಳಿನ ಬಿರುಗಾಳಿಗಳಿಂದ 1930ರ ದಶಕದಲ್ಲಿ ಕಂಗೆಟ್ಟ ಸೀಮೆಗಳಲ್ಲಿ ಕಾನ್ಸಾಸ್ ಕೂಡ ಒಂದು ಎಂಬುದನ್ನು ನೆನೆದರೆ ತೆರೆಯ ಮೇಲಿನ ಆ ಬಯಲಿಗೆ ಇನ್ನೊಂದು ಅರ್ಥ ಬರುತ್ತದೆ.

ವಿಸ್ಕಿಯ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ, ಏಕೆಂದರೆ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಪಾನನಿಷೇಧ 1933ರ ಡಿಸೆಂಬರಿನಲ್ಲೇ ಕೊನೆಗೊಂಡಿತ್ತು. ಆದರೆ ಕಾನ್ಸಾಸ್ 1881ರಿಂದಲೂ ತನ್ನದೇ ಪಾನನಿಷೇಧ ಜಾರಿಯಲ್ಲಿಟ್ಟಿದ್ದ ರಾಜ್ಯ, ಅದನ್ನು ತೆಗೆದುಹಾಕಲು ಜನ ಒಪ್ಪಿದ್ದು 1948ರಲ್ಲಿ. ಹೀಗಾಗಿ ಮೋಸಸ್ ಕಳ್ಳ ದಾಸ್ತಾನಿನಿಂದ ವಿಸ್ಕಿ ಕದ್ದು ಅದರ ಒಡೆಯನಿಗೇ ಮಾರುವ ಪ್ರಸಂಗ ಕಾಲಕ್ಕೂ ಸ್ಥಳಕ್ಕೂ ಸರಿಯಾಗಿ ಹೊಂದುತ್ತದೆ. ಆ ಒಡೆಯನ ಅವಳಿ ಸಹೋದರನೇ ಪೊಲೀಸ್ ಅಧಿಕಾರಿ ಎಂಬುದು ಮೋಸಸ್‌ಗೆ ತಿಳಿದಿರುವುದಿಲ್ಲ. ಎರಡೂ ಪಾತ್ರಗಳನ್ನು ಜಾನ್ ಹಿಲರ್ಮನ್ ಒಬ್ಬರೇ ಮಾಡಿದ್ದಾರೆ. ಹಣವನ್ನು ತಲೆಯ ಟೋಪಿಯೊಳಗೆ ಅಡಗಿಸಿ, ಕಾರಿನ ಕೀಲಿಯನ್ನು ಎಗರಿಸಿ ಇಬ್ಬರನ್ನೂ ಠಾಣೆಯಿಂದ ಪಾರುಮಾಡುವವಳು ಆ್ಯಡಿ.

ಮೋಸಸ್ ಆ್ಯಡಿಯ ತಂದೆಯೇ?

ಚಿತ್ರ ಕೊನೆಯವರೆಗೂ ಹೇಳುವುದಿಲ್ಲ, ಹೇಳದಿರುವುದೇ ಸರಿ. ಇಬ್ಬರ ದವಡೆ ಒಂದೇ ತರಹ ಇದೆ ಎಂಬ ಮಾತು ಮೊದಲಲ್ಲೇ ಬರುತ್ತದೆ, ಆ್ಯಡಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ, ಅವನು ಪ್ರತಿ ಸಲ ಅಲ್ಲಗಳೆಯುತ್ತಾನೆ. ತೆರೆಯ ಮೇಲಿರುವವರು ನಿಜವಾದ ತಂದೆ ಮಗಳಾದ್ದರಿಂದ ನೋಡುವವರ ಕಣ್ಣು ತಾನೇ ಹೋಲಿಕೆ ಹುಡುಕುತ್ತದೆ.

ಗುಡ್ಡದ ಮೇಲಿನ ಟ್ರಿಕ್ಸಿಯ ದೃಶ್ಯವನ್ನು ಎಲ್ಲರೂ ಏಕೆ ನೆನೆಯುತ್ತಾರೆ?

ಜಾತ್ರೆಯ ಡೇರೆಯೊಂದರಲ್ಲಿ ಕುಣಿಯುವ ಟ್ರಿಕ್ಸಿ ಡಿಲೈಟ್ ಎಂಬಾಕೆಗೆ ಮೋಸಸ್ ಮರುಳಾಗಿ ಅವಳನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾನೆ. ಮುಂದಿನ ಸೀಟು ಟ್ರಿಕ್ಸಿಯದಾಗುತ್ತದೆ, ಆ್ಯಡಿ ಹಿಂದಕ್ಕೆ ಹೋಗಬೇಕಾಗುತ್ತದೆ. ದಾರಿಯಲ್ಲಿ ಕಾರು ನಿಂತಾಗ ಹುಡುಗಿ ಗುಡ್ಡ ಹತ್ತಿ ಕುಳಿತುಬಿಡುತ್ತಾಳೆ, ಯಾರು ಕರೆದರೂ ಇಳಿಯುವುದಿಲ್ಲ. ಕೊನೆಗೆ ಟ್ರಿಕ್ಸಿಯೇ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ತೊಡರುತ್ತ ಗುಡ್ಡ ಹತ್ತಿ ಬರುತ್ತಾಳೆ.

ಮೊದಲು ಬಣ್ಣ ತುಂಬುವ ಪುಸ್ತಕದ ಆಸೆ ತೋರಿಸಿ ನಯವಾಗಿ ಮಾತಾಡುತ್ತಾಳೆ. ಆ್ಯಡಿ ಅಲುಗುವುದಿಲ್ಲ. ತಾಳ್ಮೆ ತಪ್ಪಿ ಬೈಯುತ್ತಾಳೆ. ಅದೂ ಫಲಿಸುವುದಿಲ್ಲ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ಇಷ್ಟು ಹೊತ್ತು ತೊಟ್ಟಿದ್ದ ದನಿಯನ್ನೆಲ್ಲ ಕಳಚಿಟ್ಟು ಸತ್ಯ ಹೇಳುತ್ತಾಳೆ: ಯಾವ ಗಂಡಸೂ ತನ್ನ ಬಳಿ ಬಹಳ ದಿನ ನಿಲ್ಲುವುದಿಲ್ಲ, ಇವನೂ ಹೋಗುತ್ತಾನೆ, ಆಗ ಮುಂದಿನ ಸೀಟು ನಿನಗೇ ಸಿಗುತ್ತದೆ, ಅಲ್ಲಿಯವರೆಗೆ ಸ್ವಲ್ಪ ದಿನ ನನ್ನನ್ನು ಕೂರಲು ಬಿಡು. ಟ್ರಿಕ್ಸಿಯಾಗಿ ನಟಿಸಿರುವ ಮೆಡಲಿನ್ ಕಾನ್ ಇದನ್ನು ನಗುನಗುತ್ತ ಹೇಳುತ್ತಾರೆ, ಕೇಳುವವರ ಗಂಟಲು ಕಟ್ಟುತ್ತದೆ. ಮೋಸಗಾರರೇ ತುಂಬಿರುವ ಚಿತ್ರದಲ್ಲಿ ಒಬ್ಬರು ಇನ್ನೊಬ್ಬರ ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ನಿಲ್ಲುವ ಗಳಿಗೆ ಇದು, ಅದಕ್ಕೆ ಮಾತ್ರ ಆ್ಯಡಿ ಮಣಿದು ಎದ್ದುಬರುತ್ತಾಳೆ. ಮುಂದೆ ಅವಳೇ ಟ್ರಿಕ್ಸಿಯನ್ನು ಹೊರಹಾಕಲು ಹೋಟೆಲಿನಲ್ಲಿ ಹೂಡುವ ತಂತ್ರವನ್ನು ನೋಡುವಾಗ, ಈ ದೃಶ್ಯದ ನೆನಪಿನಿಂದ ನಮಗೆ ಪೂರ್ತಿ ಸಂತೋಷಪಡಲು ಆಗುವುದಿಲ್ಲ.

ಇಮೋಜೀನ್ ಪಾತ್ರವನ್ನು ಇಂದು ಹೇಗೆ ನೋಡಬೇಕು?

ಟ್ರಿಕ್ಸಿಯ ಜೊತೆ ಬರುವ ಕಪ್ಪು ಜನಾಂಗದ ಕೆಲಸದ ಹುಡುಗಿ ಇಮೋಜೀನ್. ಸಂಬಳ ಸರಿಯಾಗಿ ಸಿಗದೆ, ಮನೆಗೆ ಮರಳುವ ದಾರಿಯೂ ಇಲ್ಲದೆ ಸಿಕ್ಕಿಬಿದ್ದವಳು. ಪಿ. ಜೆ. ಜಾನ್ಸನ್ ಈ ಪಾತ್ರಕ್ಕೆ ತುಂಬಿರುವ ಚುರುಕು ಮತ್ತು ತನ್ನ ಯಜಮಾನಿಯನ್ನು ಕಂಡ ಹಾಗೆ ವರ್ಣಿಸುವ ನಿರ್ಭೀತಿ ಮೆಚ್ಚುವಂಥವು. ಆ್ಯಡಿಗೆ ಸಿಗುವ ಒಬ್ಬಳೇ ಗೆಳತಿ ಇವಳು. ತಂತ್ರ ಫಲಿಸಿದ ಮೇಲೆ ಅವಳು ಮನೆಗೆ ಹೋಗಲು ಆ್ಯಡಿ ಹಣ ಕೊಡುತ್ತಾಳೆ, ಲೆಕ್ಕ ಬಿಡದ ಹುಡುಗಿ ತಾನಾಗಿ ಕೊಡುವ ಹಣ ಅದು. ಆದರೂ ಕೆಲಸ ಮುಗಿದೊಡನೆ ಇಮೋಜೀನ್ ಕಥೆಯಿಂದ ಮರೆಯಾಗುತ್ತಾಳೆ, ಅವಳ ಮುಂದಿನ ಬದುಕಿನ ಬಗ್ಗೆ ಚಿತ್ರಕ್ಕೆ ಕುತೂಹಲವಿಲ್ಲ. ಈ ಕೊರತೆಯನ್ನು ನಾನು ಚಿತ್ರದ ಮೇಲಿನ ಪ್ರೀತಿಗಾಗಿ ಮುಚ್ಚಿಡಲಾರೆ.

ಮುಖ್ಯ ಪಾತ್ರ ಮಾಡಿದ ಟೇಟಮ್‌ಗೆ ಪೋಷಕ ನಟಿಯ ಆಸ್ಕರ್ ಏಕೆ?

1974ರ ಏಪ್ರಿಲ್‌ನಲ್ಲಿ ನಡೆದ ಸಮಾರಂಭದಲ್ಲಿ ಟೇಟಮ್ ಓನೀಲ್ ತಮ್ಮ ಹತ್ತನೆಯ ವಯಸ್ಸಿನಲ್ಲಿ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಪಡೆದರು. ಸ್ಪರ್ಧಾತ್ಮಕ ವಿಭಾಗದಲ್ಲಿ ಆಸ್ಕರ್ ಗೆದ್ದ ಅತಿ ಕಿರಿಯರು ಇಂದಿಗೂ ಅವರೇ. ಅದೇ ವಿಭಾಗದಲ್ಲಿ ಮೆಡಲಿನ್ ಕಾನ್ ಅವರೂ ನಾಮನಿರ್ದೇಶಿತರಾಗಿದ್ದರು. ಟೇಟಮ್ ಇಲ್ಲದ ದೃಶ್ಯಗಳು ಚಿತ್ರದಲ್ಲಿ ತೀರ ಕಡಿಮೆ, ಆದ್ದರಿಂದ ‘ಪೋಷಕ’ ಎಂಬ ವರ್ಗೀಕರಣ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಮುಖ್ಯ ಪಾತ್ರ ಮಾಡಿದರೂ ಅವರನ್ನು ಪೋಷಕ ವಿಭಾಗದಲ್ಲಿ ಸೇರಿಸುವ ರೂಢಿ ಹಾಲಿವುಡ್‌ನಲ್ಲಿ ಇತ್ತು, ಈಗಲೂ ಇದೆ.

ಟೇಟಮ್ ಅವರ ನಟನೆಯಲ್ಲಿ ಮುದ್ದುಮಾಡಿಸಿಕೊಳ್ಳುವ ಲಕ್ಷಣವೇ ಇಲ್ಲ. ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಇರುವಾಗ ಆ್ಯಡಿ ತನ್ನ ಸಿಗಾರ್ ಡಬ್ಬಿಯಿಂದ ತಾಯಿಯ ಭಾವಚಿತ್ರ ತೆಗೆದು ನೋಡಿ, ಕನ್ನಡಿಯ ಮುಂದೆ ಅದೇ ಭಂಗಿಯಲ್ಲಿ ನಿಲ್ಲಲು ಪ್ರಯತ್ನಿಸುತ್ತಾಳೆ. ಗಂಡುಹುಡುಗ ಎಂದು ಎಲ್ಲರೂ ತಪ್ಪು ತಿಳಿಯುವ ಮಗು ತನ್ನೊಳಗೆ ತಾಯಿಯನ್ನು ಹುಡುಕುವ ಆ ಕೆಲವು ಕ್ಷಣಗಳಲ್ಲಿ ಮಾತೇ ಇಲ್ಲ.

ಚಿತ್ರದ ಹೊರಗೆ ತಂದೆ ಮಗಳ ಸಂಬಂಧ ಹಿತವಾಗಿರಲಿಲ್ಲ. ಟೇಟಮ್ 2004ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ನೋವಿನ ಬಾಲ್ಯವನ್ನು ಬಿಚ್ಚಿಟ್ಟಿದ್ದಾರೆ. ರಯಾನ್ ಓನೀಲ್ 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಮಕ್ಕಳ ಜೊತೆ ಕುಳಿತು ನೋಡಬಹುದೇ?

ಹತ್ತು ಹನ್ನೆರಡು ದಾಟಿದ ಮಕ್ಕಳ ಜೊತೆ, ಹಿರಿಯರು ಪಕ್ಕದಲ್ಲಿದ್ದು ನೋಡಬಹುದು. ಆ್ಯಡಿ ಸಿಗರೇಟು ಸೇದುವ ದೃಶ್ಯಗಳಿವೆ. ಚಿತ್ರೀಕರಣದಲ್ಲಿ ಬಳಸಿದ್ದು ತಂಬಾಕಿನ ಬದಲು ಲೆಟ್ಯೂಸ್ ಸೊಪ್ಪಿನ ಸಿಗರೇಟು. ಬೈಗುಳಗಳಿವೆ, ಟ್ರಿಕ್ಸಿಯ ಜೀವನೋಪಾಯದ ಕುರಿತು ಮಕ್ಕಳು ಪ್ರಶ್ನೆ ಕೇಳಬಹುದು.

ಕಾದಂಬರಿಗೂ ಚಿತ್ರಕ್ಕೂ ಏನು ವ್ಯತ್ಯಾಸ? ಈ ಹೆಸರು ಎಲ್ಲಿಂದ ಬಂತು?

ಮೂಲ, ಜೋ ಡೇವಿಡ್ ಬ್ರೌನ್ ಅವರ 1971ರ ಕಾದಂಬರಿ ‘ಆ್ಯಡಿ ಪ್ರೇ’. ಅದರ ಉತ್ತರಾರ್ಧದಲ್ಲಿ ಬರುವ ದೊಡ್ಡ ವಂಚನೆಯ ಕಥೆಯನ್ನು ಚಿತ್ರ ಕೈಬಿಟ್ಟಿದೆ. ಹೆಸರು 1930ರ ದಶಕದ ಜನಪ್ರಿಯ ಹಾಡೊಂದರಿಂದ ಬಂದದ್ದು. ಕಾಗದದ ಚಂದ್ರನಾದರೂ ನೀನು ನನ್ನನ್ನು ನಂಬಿದರೆ ಅದು ನಿಜವಾಗುತ್ತದೆ ಎಂಬುದು ಆ ಹಾಡಿನ ಭಾವ. ಹೆಸರಿಗೆ ಚಿತ್ರದಲ್ಲಿ ಆಧಾರ ಬೇಕೆಂದು, ಜಾತ್ರೆಯಲ್ಲಿ ಕಾಗದದ ಚಂದ್ರನ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವ ದೃಶ್ಯವನ್ನು ಸೇರಿಸಲಾಯಿತು. ಮೋಸಸ್ ಆ ಹೊತ್ತಿಗೆ ಟ್ರಿಕ್ಸಿಯ ಗುಂಗಿನಲ್ಲಿರುವುದರಿಂದ ಆ್ಯಡಿ ಒಬ್ಬಳೇ ಕೂರುತ್ತಾಳೆ. ಪಕ್ಕದ ಜಾಗ ಖಾಲಿ.

ಕೊನೆಯಲ್ಲಿ ಅವಳು ಒಳ್ಳೆಯ ಮನೆಯನ್ನು ಬಿಟ್ಟು ಏಕೆ ಬರುತ್ತಾಳೆ?

ಸೇಂಟ್ ಜೋಸೆಫ್‌ನ ಆ ಮನೆಯಲ್ಲಿ ಅವಳನ್ನು ಪ್ರೀತಿಯಿಂದಲೇ ಬರಮಾಡಿಕೊಳ್ಳುತ್ತಾರೆ. ಅಲ್ಲಿ ಕ್ರೂರಿಗಳನ್ನು ಇಟ್ಟಿದ್ದರೆ ನಿರ್ಧಾರ ಸುಲಭವಾಗುತ್ತಿತ್ತು, ಚಿತ್ರಕಥೆ ಆ ಸುಲಭದ ದಾರಿ ಹಿಡಿದಿಲ್ಲ. ಇತ್ತ, ಪೊಲೀಸರಿಂದ ಒದೆ ತಿಂದು ಇದ್ದ ಹಣವನ್ನೆಲ್ಲ ಕಳೆದುಕೊಂಡ ಮೋಸಸ್, ಅವಳನ್ನು ಇಳಿಸಿ ಹಳೆಯ ಟ್ರಕ್ಕಿನಲ್ಲಿ ಹೊರಟು, ದಿಬ್ಬದ ಮೇಲೆ ನಿಲ್ಲಿಸುತ್ತಾನೆ. ಕಾಗದದ ಚಂದ್ರನ ಮೇಲೆ ಒಬ್ಬಳೇ ಕುಳಿತ ಫೋಟೋವನ್ನು, ಅವನ ಹೆಸರು ಬರೆದು, ಅವಳು ಅಲ್ಲಿ ಇಟ್ಟು ಹೋಗಿರುತ್ತಾಳೆ. ಅವನು ಅದನ್ನು ನೋಡುತ್ತಿರುವಾಗ, ಹಿಂದಿನ ರಸ್ತೆಯಲ್ಲಿ ಪೆಟ್ಟಿಗೆ ಹಿಡಿದು ಓಡಿಬರುವ ಸಣ್ಣ ಆಕಾರ ಕಾಣುತ್ತದೆ.

ಇನ್ನು ನನ್ನ ಜೊತೆ ನೀನು ಬರುವುದು ಬೇಡವೆಂದು ಹೇಳಿದ್ದೆನಲ್ಲ ಎಂದು ಅವನು ಗದರುತ್ತಾನೆ. ನೀನು ನನಗೆ ಇನ್ನೂ 200 ಡಾಲರ್ ಕೊಡಬೇಕು ಎನ್ನುತ್ತಾಳೆ ಅವಳು. ಅವನು ಟೋಪಿಯನ್ನು ನೆಲಕ್ಕೆ ಎಸೆಯುವಷ್ಟರಲ್ಲಿ ಟ್ರಕ್ಕು ತಾನೇ ಇಳಿಜಾರಿನಲ್ಲಿ ಉರುಳತೊಡಗುತ್ತದೆ. ಇಬ್ಬರೂ ಅದರ ಹಿಂದೆ ಓಡಿ, ಪೆಟ್ಟಿಗೆಯನ್ನು ಎಸೆದು, ಹತ್ತಿಕೊಳ್ಳುತ್ತಾರೆ. ಮುಂದೆ ಬಯಲಿನ ನಡುವೆ ಸುತ್ತಿ ಬಳಸಿ ಹೋಗುವ ಒಂದು ಉದ್ದನೆಯ ರಸ್ತೆ, ಅದರ ಮೇಲೆ ಸಣ್ಣದಾಗುತ್ತ ಸಾಗುವ ಟ್ರಕ್ಕು.